ಹಳೇ ಚದುರಂಗದಿಂದ ಹೊಸ ಆಟ ಕಟ್ಟುವ ಬಗೆ: ಹುಣಸೆಬೀಜದ ಲೆಕ್ಕದಿಂದ ‘ಸೊಂಡಿಲಾಟ’ದವರೆಗೆ

ಚೆಸ್ ಚೆನ್ನಾಗಿ ಬಲ್ಲವರು ಹೊಸ ಆಟ ಕಟ್ಟಲು ಕೂತರೆ ಕೈ ಕಟ್ಟಿಹಾಕುವುದು ಕಷ್ಟ. ಬೋರ್ಡನ್ನು ಹತ್ತು ಸಾಲಿಗೆ ಹಿಗ್ಗಿಸುತ್ತಾರೆ, ಒಂಟೆಗೆ ಹಾರುವ ಬಲ ಕೊಡುತ್ತಾರೆ, ಮಂತ್ರಿಗೆ ಕುದುರೆಯ ನಡೆ ಸೇರಿಸುತ್ತಾರೆ, ಸಾಲದೆಂಬಂತೆ ಒಂದು ದಾಳವನ್ನೂ ತಂದಿಡುತ್ತಾರೆ. ಆಡಿ ನೋಡಿದರೆ ಅರ್ಧ ಗಂಟೆಯಲ್ಲಿ ಆಟ ಹಾದಿ ತಪ್ಪಿರುತ್ತದೆ. ಯಾವ ಬದಲಾವಣೆಯಿಂದ ತಪ್ಪಿತು ಎಂದು ಹೇಳಲು ಯಾರಿಂದಲೂ ಆಗುವುದಿಲ್ಲ.

ಹಳೆಯ ಚದುರಂಗವನ್ನು ಬುನಾದಿಯಾಗಿ ಇಟ್ಟುಕೊಂಡರೆ ಈ ತೊಂದರೆ ಬಹಳ ಮಟ್ಟಿಗೆ ತಪ್ಪುತ್ತದೆ. ಅದು ನೂರಾರು ವರ್ಷ ಜನ ಆಡಿದ ಆಟ. ಅದರ ಒಂದೊಂದು ಕಟ್ಟಳೆಯೂ ಇನ್ನೊಂದಕ್ಕೆ ಊರೆ ಕೊಟ್ಟಂತೆ ನಿಂತಿದೆ. ಒಂದನ್ನು ಎಳೆದಾಗ ಪಕ್ಕದ ಯಾವುದು ಅಲುಗುತ್ತದೆ ಎಂದು ನೋಡಿ, ಅದನ್ನು ಸರಿಪಡಿಸಿ, ಆಮೇಲೆ ಮುಂದಿನದಕ್ಕೆ ಕೈಹಾಕುವುದೇ ಇಲ್ಲಿ ಹೇಳುವ ಕ್ರಮ. ಕೆಳಗೆ ಒಂದು ಆಟವನ್ನು ಮೊದಲಿಂದ ಕೊನೆಯವರೆಗೆ ಕಟ್ಟಿ ತೋರಿಸಿದ್ದೇವೆ. ಶಾಲೆಯ ಚೆಸ್ ಗುಂಪಿನವರು, ಊರಿನ ಗ್ರಂಥಾಲಯದಲ್ಲಿ ಸಂಜೆ ಸೇರುವವರು, ಹಾಸ್ಟೆಲ್ ಹುಡುಗರು ಯಾರಾದರೂ ಎರಡು ಮೂರು ಭಾನುವಾರದಲ್ಲಿ ಇದನ್ನು ಮಾಡಬಹುದು.

ಮೊದಲು ಹೆಸರಿನ ಗೊಂದಲ ಬಗೆಹರಿಸಿಕೊಳ್ಳಿ

ತುಮಕೂರು, ಕೋಲಾರದ ಕಡೆ ಮಾತಿನಲ್ಲಿ ಬೋರ್ಡಿನ ಮೂಲೆಯಲ್ಲಿ ಕೂರುವುದು ಆನೆ, ಅದರ ಪಕ್ಕ ಕುದುರೆ, ಆಮೇಲೆ ಒಂಟೆ. ಸೇನೆಯ ನಾಲ್ಕು ಅಂಗಗಳಿಂದ ಹೆಸರು ಪಡೆದ ಹಳೆಯ ಚತುರಂಗದಲ್ಲಿ ಮೂಲೆಯಲ್ಲಿ ರಥ, ನಾವು ಒಂಟೆ ಎನ್ನುವ ಜಾಗದಲ್ಲಿ ಆನೆ. ಇದನ್ನು ಮೊದಲೇ ತೀರ್ಮಾನಿಸದೆ ನಿಯಮ ಬರೆದರೆ ಓದಿದವರಲ್ಲಿ ಅರ್ಧ ಜನ ಆನೆಯನ್ನು ಮೂಲೆಗೆ ಇಟ್ಟು ಆಡುತ್ತಾರೆ. ಹಾಗೆ ಇಡುವುದಕ್ಕೆ ಹಳೆಯ ಸಾಕ್ಷಿಯೂ ಇದೆ. 9ನೇ ಶತಮಾನದ ಅಲ್-ಅದ್ಲಿ ಎಂಬ ಅರಬ್ ಆಟಗಾರ, ಭಾರತೀಯರ ಆಟದಲ್ಲಿ ಆನೆ ಮೂಲೆಯಲ್ಲೇ ಕೂರುತ್ತದೆ, ನೇರಕ್ಕೆ ಎರಡನೇ ಮನೆಗೆ ಹಾರುತ್ತದೆ ಎಂದು ಬರೆದಿಟ್ಟಿದ್ದಾನೆ.

ಈ ಲೇಖನದಲ್ಲಿ ಮೂಲೆಯ ಕಾಯಿಗೆ ರಥ, ಒಂಟೆಯ ಜಾಗದ ಹಳೆಯ ಕಾಯಿಗೆ ಗಜ, ರಾಣಿಯ ಜಾಗಕ್ಕೆ ಮಂತ್ರಿ, ಮುಂದಿನ ಸಾಲಿಗೆ ಪದಾತಿ ಎನ್ನುತ್ತೇವೆ. ಮನೆಗಳಿಗೆ ಎಂದಿನ ಗುರುತು: ಬಿಳಿಯವರ ಎಡದಿಂದ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್, ಬಿಳಿಯ ಕಡೆಯಿಂದ ಸಾಲು 1ರಿಂದ 8.

ಬುನಾದಿಯ ಆಟ

ಏಳನೇ ಶತಮಾನದ ಬಾಣಭಟ್ಟನ ‘ಹರ್ಷಚರಿತ’ದಲ್ಲಿ ಚತುರಂಗದ ಮಾತು ಬರುತ್ತದೆ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ನಡುವೆ ಚದುರಂಗಕ್ಕೂ ಜಾಗ ಕೊಟ್ಟಿದ್ದಾನೆ. ಆದರೆ ನಿಯಮಗಳು ಸಂದೇಹಕ್ಕೆ ಎಡೆಯಿಲ್ಲದಂತೆ ಉಳಿದು ಬಂದಿರುವುದು ಇಲ್ಲಿಂದ ಪರ್ಷಿಯಾಕ್ಕೂ ಅರಬರ ನಾಡಿಗೂ ಹೋದ ರೂಪದಲ್ಲಿ. ಅದರ ಹೆಸರು ಶತ್ರಂಜ್. ಆ ನಿಯಮಗಳನ್ನೇ ಬುನಾದಿಯಾಗಿ ಹಿಡಿಯಿರಿ.

ರಾಜ, ರಥ, ಕುದುರೆ ಇವತ್ತಿನ ಚೆಸ್‌ನಂತೆಯೇ ನಡೆಯುತ್ತವೆ. ಮಂತ್ರಿ ಓರೆಯಾಗಿ ಒಂದೇ ಒಂದು ಮನೆ ಹೋಗುತ್ತಾನೆ. ಗಜ ಓರೆಯಾಗಿ ಸರಿಯಾಗಿ ಎರಡನೇ ಮನೆಗೆ ಹಾರುತ್ತದೆ. ನಡುವಿನ ಮನೆಯಲ್ಲಿ ಕಾಯಿ ಇದ್ದರೂ ಇಲ್ಲದಿದ್ದರೂ ಲೆಕ್ಕಕ್ಕಿಲ್ಲ, ಆ ನಡುವಿನ ಮನೆಯಲ್ಲಿ ಅದು ನಿಲ್ಲುವಂತಿಲ್ಲ. ಪದಾತಿ ಯಾವಾಗಲೂ ಒಂದೇ ಹೆಜ್ಜೆ, ಮೊದಲ ನಡೆಯಲ್ಲೂ ಎರಡಿಲ್ಲ. ಹೊಡೆಯುವುದು ಮುಂದಿನ ಓರೆಗೆ. ಎಂಟನೇ ಸಾಲು ಮುಟ್ಟಿದ ಪದಾತಿ ಮಂತ್ರಿಯಾಗುತ್ತದೆ, ಬೇರೆ ಏನೂ ಆಗುವುದಿಲ್ಲ. ರಾಜ ಮತ್ತು ರಥ ಜಾಗ ಬದಲಿಸಿಕೊಳ್ಳುವ ಕ್ಯಾಸ್ಲಿಂಗ್ ಇಲ್ಲ. ಚೆಕ್‌ಮೇಟ್ ಆದರೆ ಗೆಲುವು. ಎದುರಾಳಿಗೆ ಚೆಕ್ ಇಲ್ಲದೆಯೂ ನಡೆಯೇ ಉಳಿಯದಂತೆ ಮಾಡಿದರೆ ಅದೂ ಗೆಲುವು. ಎದುರಾಳಿಯ ರಾಜನನ್ನು ಒಂಟಿ ಮಾಡಿದರೆ, ಅಂದರೆ ಬೇರೆ ಎಲ್ಲ ಕಾಯಿಯನ್ನೂ ಹೊಡೆದರೆ, ಅದೂ ಗೆಲುವೇ. ಅವನು ಮರು ನಡೆಯಲ್ಲೇ ನಿಮ್ಮ ರಾಜನನ್ನೂ ಒಂಟಿ ಮಾಡಿದರೆ ಮಾತ್ರ ಡ್ರಾ.

ಇದನ್ನು ಕಡಿಮೆಯೆಂದರೆ ಆರು ಆಟ ಆಡಿ, ಮೂರು ಬಿಳಿ ಹಿಡಿದು, ಮೂರು ಕಪ್ಪು ಹಿಡಿದು. ಮೊದಲೆರಡು ಆಟದಲ್ಲಿ ಕೈ ತಾನಾಗಿ ಪದಾತಿಯನ್ನು ಎರಡು ಮನೆ ದೂಡುತ್ತದೆ, ಒಂಟೆಯನ್ನು ಉದ್ದಕ್ಕೆ ಎಳೆಯುತ್ತದೆ. ಮೂರನೆಯದರ ಹೊತ್ತಿಗೆ ಆಟದ ನಿಜವಾದ ರುಚಿ ಸಿಗುತ್ತದೆ. ಎಲ್ಲಿ ಬೇಸರವಾಯಿತು, ಯಾವ ಕಾಯಿ ಆಟ ಮುಗಿಯುವವರೆಗೂ ಇದ್ದಲ್ಲೇ ಇತ್ತು ಎಂದು ಆಗಿಂದಾಗ್ಗೆ ಗುರುತು ಹಾಕಿಕೊಳ್ಳಿ. ಆಡದೆ, ಬರೀ ಓದಿ ಬದಲಾಯಿಸಲು ಹೊರಟರೆ ಇಲ್ಲದ ರೋಗಕ್ಕೆ ಮದ್ದು ಅರೆದಂತೆ ಆಗುತ್ತದೆ.

ಹುಣಸೆಬೀಜದ ಪರೀಕ್ಷೆ

ಈಗ ಕಾಯಿಯ ಬಲ ಅಳೆಯುವ ಕೆಲಸ. ಒಂದು ಹಿಡಿ ಹುಣಸೆಬೀಜ ತೆಗೆದುಕೊಳ್ಳಿ. ಖಾಲಿ ಬೋರ್ಡಿನಲ್ಲಿ ಗಜವನ್ನು ಸಿ1ರಲ್ಲಿ ಇಟ್ಟು ಅಲ್ಲೊಂದು ಬೀಜ ಹಾಕಿ. ಅಲ್ಲಿಂದ ಅದು ಹಾರಬಹುದಾದ ಎ3, ಇ3ಕ್ಕೆ ಒಂದೊಂದು. ಇ3ರಿಂದ ಜಿ1, ಸಿ5, ಜಿ5. ಸಿ5ರಿಂದ ಎ7, ಇ7. ಇನ್ನು ಎಷ್ಟು ಹುಡುಕಿದರೂ ಹೊಸ ಮನೆ ಸಿಗುವುದಿಲ್ಲ. ಬೋರ್ಡಿನ ಮೇಲೆ ಎಂಟೇ ಬೀಜ. ಆ ಗಜ ಆಟ ಪೂರ್ತಿ ಓಡಾಡಿದರೂ 64ರಲ್ಲಿ ಅದರ ಪಾಲಿಗೆ ಎಂಟು ಮನೆ.

ಎಫ್1ರ ಗಜಕ್ಕೂ, ಕಪ್ಪು ಕಡೆಯ ಎರಡು ಗಜಕ್ಕೂ ಹೀಗೇ ಮಾಡಿ. ಒಂದೊಂದಕ್ಕೂ ಬೇರೆ ಬೇರೆ ಎಂಟು ಮನೆ; ನಾಲ್ಕೂ ಸೇರಿ 32. ಒಂದರ ಮನೆಗೆ ಇನ್ನೊಂದು ಕಾಲಿಡಲಾರದು, ಹಾಗಾಗಿ ಗಜ ಗಜವನ್ನು ಹೊಡೆಯುವ ಪ್ರಸಂಗವೇ ಬರುವುದಿಲ್ಲ. ಉಳಿದ 32 ಮನೆಯಲ್ಲಿ ಯಾವ ಗಜದ ಭಯವೂ ಇಲ್ಲ. ಮಂತ್ರಿಗೂ ಇದೇ ತೊಡಕು ಇನ್ನೊಂದು ರೀತಿಯಲ್ಲಿದೆ: ಅವನು ಒಂದೇ ಬಣ್ಣದ 32 ಮನೆಗೆ ಕಟ್ಟುಬಿದ್ದವನು. ಡಿ1, ಡಿ8 ಬೇರೆ ಬೇರೆ ಬಣ್ಣವಾದ್ದರಿಂದ ಎದುರುಬದುರು ನಿಂತ ಇಬ್ಬರು ಮಂತ್ರಿಗಳೂ ಎಂದೂ ಒಬ್ಬರನ್ನೊಬ್ಬರು ಹೊಡೆಯಲಾರರು. ಹಳೆಯ ಕಾಲದ ಅಷ್ಟಾಪದ ಮಣೆಗೆ ಕಪ್ಪು ಬಿಳಿ ಬಣ್ಣ ಇರಲಿಲ್ಲ, ಬರೀ ಗೆರೆ. ಪರೀಕ್ಷೆಗೆ ಮಾತ್ರ ಬಣ್ಣದ ಬೋರ್ಡೇ ಬೇಕು, ಇಂಥ ಕಟ್ಟು ಕಣ್ಣಿಗೆ ಬೀಳುವುದು ಅದರಲ್ಲೇ.

ಎರಡನೆಯ ಅಳತೆ, ಕಾಯಿಗೆ ಸರಾಸರಿ ಎಷ್ಟು ನಡೆ ಎಂಬುದು. 64 ಮನೆಯಲ್ಲೂ ಕಾಯಿಯನ್ನು ಇಟ್ಟು ನಡೆ ಎಣಿಸಿ, ಕೂಡಿ, 64ರಿಂದ ಭಾಗಿಸಬೇಕು. ಹಾರುವ ಕಾಯಿಗಳಿಗೆ ಸುಲಭದ ದಾರಿ ಇದೆ: ಒಂದು ದಿಕ್ಕಿಗೆ ಎಷ್ಟು ಮನೆ ಸರಿಯುತ್ತದೋ ಅದನ್ನು 8ರಿಂದ ಕಳೆಯಿರಿ, ಇನ್ನೊಂದು ದಿಕ್ಕಿಗೂ ಹಾಗೇ ಮಾಡಿ, ಎರಡನ್ನೂ ಗುಣಿಸಿ, ಬಂದದ್ದನ್ನು ನಡೆಯ ದಿಕ್ಕುಗಳ ಸಂಖ್ಯೆಯಿಂದ ಗುಣಿಸಿ. ಕುದುರೆ ಒಂದು ಕಡೆ 1, ಇನ್ನೊಂದು ಕಡೆ 2, ದಿಕ್ಕು ಎಂಟು. 7×6×8 ಅಂದರೆ 336, ಸರಾಸರಿ 5.25. ಮಂತ್ರಿಗೆ 7×7×4, ಅಂದರೆ 196, ಸರಾಸರಿ 3.06. ಗಜಕ್ಕೆ 6×6×4, ಅಂದರೆ 144, ಸರಾಸರಿ 2.25. ಅಲ್-ಅದ್ಲಿ ಹೇಳಿದ ನೇರ ಹಾರುವ ಮೂಲೆಯ ಆನೆಗೆ 6×8×4, ಅಂದರೆ 192, ಸರಿಯಾಗಿ 3. ಖಾಲಿ ಬೋರ್ಡಿನಲ್ಲಿ ರಥಕ್ಕೆ ಎಲ್ಲಿಟ್ಟರೂ 14.

ಈ ಅಂಕಿಗಳನ್ನು ಕಾಯಿಯ ಬೆಲೆ ಎಂದುಕೊಳ್ಳಬೇಡಿ. ಹಾದಿಯಲ್ಲಿ ಕಾಯಿ ಅಡ್ಡ ಬಂದರೆ ರಥ ನಿಂತುಬಿಡುತ್ತದೆ, ಕುದುರೆಗೆ ಆ ತೊಂದರೆಯಿಲ್ಲ. ಒಂದೇ ಬಣ್ಣಕ್ಕೆ ಕಟ್ಟುಬಿದ್ದ ಕಾಯಿಯ ಬೆಲೆ ಈ ಅಂಕಿ ಹೇಳುವುದಕ್ಕಿಂತ ಕಡಿಮೆ. ಆದರೂ ಹೊಸ ಕಾಯಿಯನ್ನು ಹಳೆಯದರ ಪಕ್ಕ ಇಟ್ಟು ತೂಗಲು ಇದಕ್ಕಿಂತ ಬೇಗ ಆಗುವ ದಾರಿ ಇಲ್ಲ.

ಬದಲಾಯಿಸುವ ಒಂದು ಕಾಯಿ

ಅಳತೆ ಮಾಡಿದ ಮೇಲೆ ಎಲ್ಲಕ್ಕಿಂತ ನಿಧಾನದ ಕಾಯಿ ಯಾವುದೆಂದು ಸಂಶಯ ಉಳಿಯುವುದಿಲ್ಲ: ಗಜ. ಅದನ್ನಷ್ಟೇ ಬದಲಾಯಿಸೋಣ. ಇವತ್ತಿನ ಚೆಸ್ ಹುಟ್ಟಿದ್ದೂ ಹೀಗೇ. 15ನೇ ಶತಮಾನದ ಕೊನೆಯಲ್ಲಿ ಸ್ಪೇನಿನ ಕಡೆ ಗಜ ಉದ್ದೋರೆ ನಡೆಯುವ ಒಂಟೆಯಾಯಿತು, ಮಂತ್ರಿ ಎಂಟು ದಿಕ್ಕಿನ ರಾಣಿಯಾದ. ಮುಟ್ಟಿದ್ದು ಎರಡು ಕಾಯಿ. ಆದರೆ ಪದಾತಿ ಎಂಟನೇ ಸಾಲಿನಲ್ಲಿ ರಾಣಿಯಾಗತೊಡಗಿದ್ದರಿಂದ ಆಟದ ಕೊನೆಯ ಭಾಗವೇ ಬೇರೆಯಾಯಿತು. ಬಾಬಿ ಫಿಷರ್ 1996ರಲ್ಲಿ ಸಾರಿದ ಚೆಸ್960ರಲ್ಲಿ ಇನ್ನೂ ಕಡಿಮೆ ಬದಲಾವಣೆ: ಹಿಂದಿನ ಸಾಲಿನ ಜೋಡಣೆಯೊಂದೇ ಬದಲಾಗುವುದು. ಅದಕ್ಕೇ 960 ಬಗೆ.

ಗಜಕ್ಕೆ ಮೂರು ದಾರಿಗಳಿವೆ. ಮಂತ್ರಿಯ ಒಂದು ಹೆಜ್ಜೆಯನ್ನೂ ಗಜದ ಹಾರುವಿಕೆಯನ್ನೂ ಕೂಡಿಸಿದರೆ 196+144, ಅಂದರೆ 340, ಸರಾಸರಿ 5.31, ಹೆಚ್ಚುಕಡಿಮೆ ಕುದುರೆಯಷ್ಟೇ. ಆದರೆ ಎರಡೂ ಓರೆ ನಡೆಯಾದ್ದರಿಂದ ಒಂದೇ ಬಣ್ಣದ ಕಟ್ಟು ಹಾಗೇ ಉಳಿಯುತ್ತದೆ. ಅದರ ಬದಲು ನೇರದ ಒಂದು ಹೆಜ್ಜೆಯನ್ನು ಗಜಕ್ಕೆ ಸೇರಿಸಿದರೆ 224+144, ಅಂದರೆ 368, ಸರಾಸರಿ 5.75, ಬಣ್ಣದ ಕಟ್ಟೂ ಬಿಚ್ಚುತ್ತದೆ. ಜಪಾನಿನ ಚು ಶೋಗಿ ಆಟದಲ್ಲಿ ಇದೇ ನಡೆಯ ಕಾಯಿಯೊಂದು ಹಿಂದಿನಿಂದಲೂ ಇದೆ. ಚುರುಕಿನ ಆಟ ಬೇಕೆನ್ನುವವರು ಇದನ್ನೇ ಆರಿಸಬಹುದು.

ಮೂರನೆಯದು ನಮಗೆ ಹೆಚ್ಚು ಇಷ್ಟವಾದದ್ದು. 11ನೇ ಶತಮಾನದಲ್ಲಿ ಭಾರತದ ಬಗ್ಗೆ ಬರೆದ ಅಲ್-ಬಿರೂನಿ, ಇಲ್ಲಿನ ಚದುರಂಗದ ಆನೆ ನಾಲ್ಕು ಓರೆಗೆ ಒಂದೊಂದು ಮನೆ, ಮುಂದಕ್ಕೆ ಒಂದು ಮನೆ ಹೋಗುತ್ತದೆ ಎಂದಿದ್ದಾನೆ. ನಾಲ್ಕು ಕಾಲು, ಒಂದು ಸೊಂಡಿಲು. ಮಗುವಿಗೂ ಒಂದೇ ಸಲಕ್ಕೆ ನೆನಪಿರುವ ನಡೆ. ಲೆಕ್ಕ: 196ಕ್ಕೆ ಸೊಂಡಿಲಿನ 7×8, ಅಂದರೆ 56 ಸೇರಿಸಿದರೆ 252, ಸರಾಸರಿ 3.94. ಹುಣಸೆಬೀಜ ಇಟ್ಟು ನೋಡಿ: ಸೊಂಡಿಲಿನ ಒಂದೊಂದು ಹೆಜ್ಜೆಗೂ ಬಣ್ಣ ಬದಲಾಗುವುದರಿಂದ 64 ಮನೆಯೂ ತುಂಬುತ್ತವೆ. ಈ ಕಾಯಿಯಿಂದ ಕಟ್ಟುವ ಆಟಕ್ಕೆ ಸೊಂಡಿಲಾಟ ಎಂದು ಹೆಸರಿಡೋಣ.

ಇಲ್ಲೇ ಎಲ್ಲರೂ ಎಡವುವುದು

ಹೊಸ ಕಾಯಿಯನ್ನು ಬೋರ್ಡಿಗೆ ಹಾಕಿದ ಮೇಲೆ, ಆಡುವ ಮೊದಲು, ಎರಡು ಲೆಕ್ಕ ಮಾಡಬೇಕು.

ಮೊದಲನೆಯದು ಕಾವಲಿನ ಲೆಕ್ಕ. ಎಂಟು ಪದಾತಿಯಲ್ಲಿ ಯಾವುದಕ್ಕೆ ಹಿಂದಿನಿಂದ ಕಾವಲಿದೆ? ಶತ್ರಂಜ್‌ನಲ್ಲಿ ಮಂತ್ರಿ ಡಿ1, ರಾಜ ಇ1 ಇದ್ದರೆ ಎ2, ಎಚ್2ಕ್ಕೆ ರಥದ ಕಾವಲು, ಸಿ2ಕ್ಕೆ ಮಂತ್ರಿ, ಎಫ್2ಕ್ಕೆ ರಾಜ, ಡಿ2, ಇ2ಕ್ಕೆ ಒಬ್ಬರಿಗಿಂತ ಹೆಚ್ಚು. ಬಿ2, ಜಿ2 ಮಾತ್ರ ಬರಿದು. ಇವತ್ತಿನ ಚೆಸ್‌ನಲ್ಲಿ ಅವನ್ನು ಒಂಟೆ ಕಾಯುತ್ತದೆ, ಹಳೆಯ ಗಜ ಅವುಗಳ ತಲೆ ಮೇಲೆ ಹಾರಿಹೋಗುತ್ತದೆ. ಸೊಂಡಿಲ ಗಜ ಸಿ1ರಿಂದ ಬಿ2, ಸಿ2, ಡಿ2 ಮೂರನ್ನೂ ಕಾಯುತ್ತದೆ, ಎಫ್1ರದು ಇ2, ಎಫ್2, ಜಿ2. ಕಾವಲಿನ ಮಟ್ಟಿಗೆ ಆಟ ಸುಧಾರಿಸಿತು.

ಎರಡನೆಯದು ಮೊದಲ ನಡೆಯ ಲೆಕ್ಕ: ಬಿಳಿಯವರಿಗೆ ಮೊದಲ ಸರದಿಯಲ್ಲಿ ಎಷ್ಟು ಬಗೆಯ ನಡೆ ಇದೆ? ಇವತ್ತಿನ ಚೆಸ್‌ನಲ್ಲಿ 20. ಶತ್ರಂಜ್‌ನಲ್ಲಿ ಪದಾತಿಯ 8, ಕುದುರೆಯ 4, ಗಜದ 4, ಒಟ್ಟು 16. ಸೊಂಡಿಲ ಗಜ ಹಾಕಿದಾಗ? ಅದು ಹೋಗಬೇಕಾದ ಮೂರು ಮನೆಯಲ್ಲೂ ಸ್ವಂತ ಪದಾತಿ ಕೂತಿದೆ, ಹಾರಲು ಬಾರದು. ಉಳಿದದ್ದು 12. ಕಾಯಿಯ ಬಲ 2.25ರಿಂದ 3.94ಕ್ಕೆ ಏರಿತು, ಆಟ ಮಾತ್ರ ಮೊದಲಿಗಿಂತ ನಿಧಾನವಾಯಿತು! ಕಾಯಿಯೊಂದನ್ನೇ ನೋಡಿ ಆಟದ ವೇಗ ಹೇಳಲಾಗದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕದು. ಗಜದ ಹಾರುವ ಗುಣ ದುರ್ಬಲವೆಂದು ಕಂಡರೂ ಪದಾತಿಗಳ ಗೋಡೆ ದಾಟಲು ಅದೇ ಕಿಟಕಿಯಾಗಿತ್ತು. ನಾವು ಕಿಟಕಿ ಮುಚ್ಚಿದೆವು.

ಹಾಗಾದರೆ ಗೋಡೆಯನ್ನೇ ಸರಿಸಬೇಕು. ಥಾಯ್ಲೆಂಡಿನ ಮಕ್ರುಕ್ ಆಟದಲ್ಲಿ ಇದೇ ಐದು ಅಂಗದ ಕಾಯಿ ಇದೆ. ಅಲ್ಲಿ ಪದಾತಿಗಳು ಮೂರನೇ ಸಾಲಿನಲ್ಲಿ ನಿಲ್ಲುತ್ತವೆ. ನಾವೂ ಪದಾತಿಗಳನ್ನು 3ನೇ ಸಾಲಿಗೆ, ಕಪ್ಪಿನವನ್ನು 6ನೇ ಸಾಲಿಗೆ ತರೋಣ. ಈಗ ಮತ್ತೆ ಎಣಿಸಿ: ಪದಾತಿ 8, ಕುದುರೆ ಎರಡೂ ಸೇರಿ 2 (ಡಿ2, ಇ2), ಗಜಗಳು 6, ಮಂತ್ರಿ 2, ರಾಜ 3, ರಥಗಳು 2. ಒಟ್ಟು 23. ಹನ್ನೆರಡರಿಂದ ಇಪ್ಪತ್ತಮೂರು. ಎಂಟು ಪದಾತಿಯೂ ಒಂದೊಂದು ಹೆಜ್ಜೆ ಮುಂದೆ ನಿಂತಿರುವುದರಿಂದ ಒಂದೊಂದು ಕಡೆಯವರಿಗೂ ಎಂಟು ನಡೆ ಉಳಿಯಿತು, ಇಬ್ಬರೂ ಒಂದೊಂದು ನಡೆ ಆಡಿದ ಕೂಡಲೇ ಪದಾತಿಗಳು ಮುಖಾಮುಖಿಯಾಗಬಹುದು.

ಊರೆ ಎಳೆದಾಗ ಪಕ್ಕದ್ದು ಅಲುಗುತ್ತದೆ ಎಂದೆವಲ್ಲ, ಕಾವಲಿನ ಲೆಕ್ಕ ಮತ್ತೆ ಮಾಡಿ. ಮೂರನೇ ಸಾಲಿನ ಎ, ಎಚ್ ಪದಾತಿಗೆ ರಥ ಇದೆ; ಸಿ, ಎಫ್‌ಗೆ ಕುದುರೆ. ಬಿ3, ಡಿ3, ಇ3, ಜಿ3 ನಾಲ್ಕೂ ಬರಿದು. ಇದನ್ನು ಎದುರಾಳಿ ಬಳಸಿಕೊಳ್ಳಬಲ್ಲನೇ? ಬಿಳಿ ಕುದುರೆಯನ್ನು ಬಿ1ರಿಂದ ಡಿ2ಕ್ಕೆ, ಅಲ್ಲಿಂದ ಸಿ4ಕ್ಕೆ ತನ್ನಿ. ಎರಡೇ ನಡೆಯಲ್ಲಿ ಅದು ಕಪ್ಪಿನ ಬಿ6, ಡಿ6 ಎರಡರ ಮೇಲೂ ಕಣ್ಣಿಟ್ಟಿತು, ಎರಡಕ್ಕೂ ಆರಂಭದಲ್ಲಿ ಕಾವಲಿಲ್ಲ. ಇಲ್ಲಿ ಉತ್ತರ ಇಲ್ಲದೆ ಹೋಗಿದ್ದರೆ ಆಟ ಸತ್ತಂತೆಯೇ. ಆದರೆ ಕಪ್ಪು ತನ್ನ ಗಜವನ್ನು ಸಿ8ರಿಂದ ಸಿ7ಕ್ಕೆ ತಂದರೆ ಬಿ6, ಡಿ6 ಎರಡಕ್ಕೂ ಒಟ್ಟಿಗೇ ಕಾವಲು ಸಿಗುತ್ತದೆ, ಯಾವುದನ್ನು ಹೊಡೆದರೂ ಕುದುರೆ ಗಜದ ಬಾಯಿಗೆ ಬೀಳುತ್ತದೆ. ಅಪಾಯ ಇದೆ, ಮದ್ದೂ ಇದೆ. ಒಳ್ಳೆಯ ಆರಂಭಕ್ಕೆ ಬೇಕಾದದ್ದು ಇಷ್ಟೇ. ನಿಮ್ಮ ಆಟದಲ್ಲಿ ಬೇರೆ ಕಾಯಿ ಹಾಕಿದ್ದರೆ ಮೊದಲ ಮೂರು ನಡೆಯ ಇಂಥ ದಾಳಿಗಳನ್ನು ಒಂದೊಂದಾಗಿ ಬೋರ್ಡಿನಲ್ಲಿ ಇಟ್ಟು ನೋಡಬೇಕು, ಮನಸ್ಸಿನಲ್ಲಿ ಲೆಕ್ಕ ಹಾಕಿ ಬಿಡಬಾರದು.

ಬಡ್ತಿ ಮತ್ತು ಮುಕ್ತಾಯ

ಪದಾತಿ ಎಲ್ಲಿ, ಏನಾಗುತ್ತದೆ? ಹಳೆಯ ಆಟದಲ್ಲಿ 2ನೇ ಸಾಲಿನಿಂದ 8ಕ್ಕೆ ಆರು ಹೆಜ್ಜೆ. ಸೊಂಡಿಲಾಟದಲ್ಲಿ ಮಕ್ರುಕ್ ರೀತಿ 6ನೇ ಸಾಲಿನಲ್ಲೇ, ಅಂದರೆ ಎದುರಾಳಿಯ ಪದಾತಿ ಮೊದಲು ನಿಂತಿದ್ದ ಸಾಲಿನಲ್ಲೇ, ಮಂತ್ರಿಯಾಗಲಿ. ಮೂರೇ ಹೆಜ್ಜೆ ಸಾಕು. ಸಿಗುವುದು 3.06 ನಡೆಯ ಪುಟ್ಟ ಕಾಯಿಯಾದ್ದರಿಂದ ಬೇಗ ಸಿಕ್ಕರೂ ಆಟ ಕೆಡದು. ಇಲ್ಲಿ ರಾಣಿಯಂಥ ದೊಡ್ಡ ಕಾಯಿಗೆ ಬಡ್ತಿ ಕೊಟ್ಟರೆ ಹತ್ತೇ ನಡೆಯಲ್ಲಿ ಬೋರ್ಡ್ ತುಂಬ ರಾಣಿಯರಾಗಿ ಬೇರೆ ಕಾಯಿಗೆ ಕೆಲಸವೇ ಇಲ್ಲದಂತಾಗುತ್ತದೆ.

ಭಾರತದಲ್ಲಿ ಬಹುಕಾಲ ಆಡಿದ ಇನ್ನೊಂದು ಕಟ್ಟಳೆ ಇದೆ: ಪದಾತಿ ಯಾವ ಕಾಯಿಯ ಸಾಲಿನಲ್ಲಿ ಕೊನೆ ಮುಟ್ಟಿತೋ ಆ ಕಾಯಿಯೇ ಆಗುವುದು. ಇದನ್ನು ತಂದರೆ ಅಂಚಿನ ಪದಾತಿಯ ಮರ್ಯಾದೆ ಒಮ್ಮೆಲೇ ಏರುತ್ತದೆ, ಅದು ರಥವಾಗುತ್ತದಲ್ಲ. ಎಲ್ಲರ ಕಣ್ಣೂ ನಡುವಿನಿಂದ ಅಂಚಿಗೆ ಹೋಗುತ್ತದೆ. ಚೆಂದದ ಬದಲಾವಣೆ, ಆದರೆ ಅದು ಬೇರೆಯೇ ಆಟ, ಸೊಂಡಿಲಾಟದ ಜೊತೆ ಬೆರೆಸದೆ ಬೇರೆ ಹಾಳೆಯಲ್ಲಿ ಪ್ರಯೋಗ ಮಾಡಿ.

ಈಗ ಒಂಟಿ ರಾಜನ ನಿಯಮ. ಹೊಸಬರು ಮೊದಲು ತೆಗೆದುಹಾಕುವುದು ಇದನ್ನೇ, ‘ಚೆಕ್‌ಮೇಟ್ ಇರುವಾಗ ಇದ್ಯಾಕೆ’ ಎಂದು. ಯಾಕೆಂದರೆ ಒಂದೇ ಬಣ್ಣದ ಮನೆಗೆ ಕಟ್ಟುಬಿದ್ದ ಕಾಯಿ ತನ್ನ ರಾಜನೊಬ್ಬನ ಜೊತೆ ಸೇರಿ ಚೆಕ್‌ಮೇಟ್ ಮಾಡಲಾರದು. ಬೋರ್ಡಿನಲ್ಲಿ ನೋಡಿ: ಕಪ್ಪು ರಾಜ ಇ8ರ ಅಂಚಿನಲ್ಲಿ, ಬಿಳಿ ರಾಜ ಇ6ರಲ್ಲಿ. ಡಿ7, ಇ7, ಎಫ್7 ಮೂರನ್ನೂ ಬಿಳಿ ರಾಜ ಮುಚ್ಚಿದ್ದಾನೆ. ಇನ್ನು ಇ8ಕ್ಕೆ ಚೆಕ್ ಕೊಡಬೇಕು, ಅದರ ಜೊತೆಗೆ ಪಕ್ಕದ ಡಿ8, ಎಫ್8ಗಳನ್ನೂ ಮುಚ್ಚಬೇಕು. ಇ8 ಒಂದು ಬಣ್ಣ, ಪಕ್ಕದ ಎರಡು ಇನ್ನೊಂದು ಬಣ್ಣ. ಮಂತ್ರಿಯ ಕೈಗೆ ಎರಡೂ ಎಟುಕುವುದಿಲ್ಲ. ಮೂಲೆಯಲ್ಲೂ ಇದೇ ಕಥೆ. ರಥ, ಕುದುರೆಗಳು ಹೊಡೆಸಿಕೊಂಡು ಮಂತ್ರಿಯೊಬ್ಬ ಉಳಿದ ಆಟಗಳೆಲ್ಲ ಡ್ರಾ ಆಗದಂತೆ ಹಿಡಿದಿರುವುದು ಒಂಟಿ ರಾಜನ ನಿಯಮ. ಕಾಯಿಗಳು ದುರ್ಬಲವಿರುವವರೆಗೂ ಅದನ್ನು ಉಳಿಸಿ. ಚೆಕ್ ಇಲ್ಲದೆ ನಡೆಯಿಲ್ಲದಂತೆ ಮಾಡಿದವನಿಗೇ ಗೆಲುವು ಎಂಬ ಹಳೆಯ ನಿಯಮವನ್ನೂ ಅದೇ ಕಾರಣಕ್ಕೆ ಉಳಿಸುವುದು ಒಳ್ಳೆಯದು.

ಎಳೆದಾಡಿಸುವ ಆಟಕ್ಕೂ ಒಂದು ಮಿತಿ ಬೇಕು. ಮಕ್ರುಕ್‌ನಲ್ಲಿ ಎದುರಾಳಿ ಒಂಟಿ ರಾಜನಾಗಿ, ಪದಾತಿಗಳೂ ಮುಗಿದ ಮೇಲೆ ನಡೆ ಎಣಿಸುತ್ತಾರೆ: ಎರಡು ರಥ ಇದ್ದವನಿಗೆ 8, ಒಂದು ರಥವಾದರೆ 16; ಎಣಿಕೆ ಶುರುವಾಗುವುದೇ ಬೋರ್ಡಿನಲ್ಲಿ ಉಳಿದ ಕಾಯಿಗಳ ಸಂಖ್ಯೆಯ ಮುಂದಿನಿಂದ. ನಮ್ಮಲ್ಲಿ ಒಂಟಿ ರಾಜ ಎಂದರೇ ಸೋಲಾದ್ದರಿಂದ ಅಷ್ಟು ಬಿಗಿ ಬೇಡ. ಕಾಯಿ ಹೊಡೆಯದೆ, ಪದಾತಿ ದೂಡದೆ ಇಬ್ಬರೂ 50 ನಡೆ ಆಡಿದರೆ ಡ್ರಾ ಎಂದಿಡಿ.

ಬೋರ್ಡು, ಕಾಯಿ

ಇದಕ್ಕೆ ದುಡ್ಡು ಸುರಿಯಬೇಕಿಲ್ಲ. ಮೊದಲ ಪ್ರಯೋಗಗಳಿಗೆ ಅಂಗಡಿಯ ಪ್ಲಾಸ್ಟಿಕ್ ಚೆಸ್ ಸೆಟ್ಟೇ ಸಾಕು. ಒಂಟೆಯ ಕುತ್ತಿಗೆಗೆ ರಬ್ಬರ್ ಬ್ಯಾಂಡ್ ಸುತ್ತಿ ಗಜ ಮಾಡಿ. ಹಾಗೆ ಗುರುತು ಹಾಕದಿದ್ದರೆ ಹತ್ತನೇ ನಡೆಯ ಹೊತ್ತಿಗೆ ಯಾರಾದರೂ ಅದನ್ನು ಉದ್ದೋರೆಗೆ ಓಡಿಸಿರುತ್ತಾರೆ, ಎದುರಿನವರೂ ಗಮನಿಸಿರುವುದಿಲ್ಲ.

ಆಟ ನಿಂತ ಮೇಲೆ ಸ್ವಂತ ಸೆಟ್ಟು ಮಾಡಿಕೊಳ್ಳಬಹುದು. 40 ಸೆಂ.ಮೀ. ಚೌಕದ ದಪ್ಪ ರಟ್ಟಿನಲ್ಲಿ ಸುತ್ತ 2 ಸೆಂ.ಮೀ. ಅಂಚು ಬಿಟ್ಟು 4.5 ಸೆಂ.ಮೀ.ನ ಎಂಟು ಸಾಲು ಗೆರೆ ಎಳೆಯಿರಿ. ಕಾಯಿಗೆ ತೆಂಗಿನ ಚಿಪ್ಪು ಒಳ್ಳೆಯದು, ತಿಪಟೂರು ಸೀಮೆಯಲ್ಲಿ ಅದಕ್ಕೇನು ಬರವಿಲ್ಲ. ಬಲಿತ ಕಾಯಿಯ ಚಿಪ್ಪಿನ ಅತಿ ಚಪ್ಪಟೆ ಭಾಗದಿಂದ 3 ಸೆಂ.ಮೀ. ಅಗಲದ ಬಿಲ್ಲೆ ಕತ್ತರಿಸಿ. ಚಿಪ್ಪಿನ ಬಾಗಿನಿಂದ ಬಿಲ್ಲೆಯ ನಡು ಸುಮಾರು 2 ಮಿ.ಮೀ. ಉಬ್ಬಿರುತ್ತದೆ, ಉಬ್ಬು ಕೆಳಗಾದರೆ ಕಾಯಿ ತಿರುಗುತ್ತದೆ, ಓಲಾಡುತ್ತದೆ. ಉಬ್ಬು ಮೇಲಿರುವಂತೆ ಇಟ್ಟು, ಕೆಳಗಿನ ಅಂಚನ್ನು 80ರ ಮರಳು ಕಾಗದದ ಮೇಲೆ ಸಮನಾಗಿ ಉಜ್ಜಿ, ಆಮೇಲೆ 150ರದರಲ್ಲಿ ನಯ ಮಾಡಿ. ಮೇಲೆ ‘ರಾ’, ‘ಮಂ’, ‘ಗ’, ‘ಕು’, ‘ರ’ ಎಂದು ಬರೆದರೆ ಸಾಕು. ಗಜದ ಬಿಲ್ಲೆಗೆ ಮುಂದಿನ ಕಡೆ ಒಂದು ಚುಕ್ಕೆ ಇಡಲೇಬೇಕು. ಸೊಂಡಿಲು ಯಾವ ಕಡೆ ಎಂದು ತಿಳಿಯುವುದು ಅದರಿಂದಲೇ. ಪದಾತಿಗೆ ಅಡಿಕೆ ಹೋಳು, ಕೊಯ್ದ ಚಪ್ಪಟೆ ಮೈ ಕೆಳಗೆ. ಒಂದು ಕಡೆಯವನ್ನೆಲ್ಲ ಬಣ್ಣದಲ್ಲಿ ಅದ್ದಿ ತೆಗೆಯಿರಿ.

ನಿಯಮದ ಹಾಳೆ

ಒಂದು ಪುಟಕ್ಕಿಂತ ಉದ್ದ ಬೇಡ. ಜೋಡಣೆ, ಕಾಯಿಯ ನಡೆ, ಹೊಡೆತ, ಬಡ್ತಿ, ಗೆಲುವು, ಡ್ರಾ, ಈ ಕ್ರಮದಲ್ಲಿ ಬರೆಯಿರಿ. ಪದದ ಮೇಲೆ ಎಚ್ಚರ ಇರಲಿ. ‘ಗಜ ಓರೆಯಾಗಿ ಎರಡು ಮನೆ ಹೋಗುತ್ತದೆ’ ಎಂದು ಬರೆದರೆ ಒಬ್ಬರು ಒಂದು ಮನೆಯೂ ಹೋಗಬಹುದು ಎಂದು ಓದುತ್ತಾರೆ, ಇನ್ನೊಬ್ಬರು ನಡುವೆ ಕಾಯಿ ಇದ್ದರೆ ಹೋಗಲಾಗದು ಎಂದು ಓದುತ್ತಾರೆ, ಮೂರನೆಯವರು ಒಂದು ಮನೆ ಬಿಟ್ಟು ಎರಡು ಎಂದುಕೊಂಡು ಮೂರನೇ ಮನೆಯಲ್ಲಿ ಇಡುತ್ತಾರೆ. ಮೂವರದೂ ತಪ್ಪಲ್ಲ. ‘ಓರೆಯಲ್ಲಿ ಎರಡನೇ ಮನೆಗೆ ಮಾತ್ರ ಹಾರುತ್ತದೆ, ನಡುವಿನ ಮನೆ ಖಾಲಿ ಇರಬೇಕಿಲ್ಲ’ ಎಂದರೆ ಮೂರು ಸಂಶಯವೂ ಹೋಗುತ್ತವೆ. ಸೊಂಡಿಲಾಟದಲ್ಲಿ ‘ಮುಂದೆ’ ಎಂಬ ಮಾತಿಗೂ ಇದೇ ಗತಿ. ‘ಎದುರಾಳಿಯ ಕಡೆಗೆ’ ಎಂದೇ ಬರೆಯಿರಿ. ಸೊಂಡಿಲಿನ ನಡೆಯಿಂದ ಹೊಡೆಯಬಹುದು ಎಂಬುದನ್ನೂ ಬಿಡಿಸಿ ಹೇಳಿ, ಪದಾತಿಯ ನೇರ ನಡೆ ಹೊಡೆಯಲಾರದ್ದರಿಂದ ಈ ಅನುಮಾನ ಬಂದೇ ಬರುತ್ತದೆ.

ಹಾಳೆಯನ್ನು ಆಟದ ಬಗ್ಗೆ ಏನೂ ಕೇಳಿರದ ಇಬ್ಬರಿಗೆ ಕೊಟ್ಟು, ಪಕ್ಕದಲ್ಲಿ ಸುಮ್ಮನೆ ಕೂತುಕೊಳ್ಳಿ. ಅವರು ತಪ್ಪಾಗಿ ಆಡಿದರೂ ಬಾಯಿ ಬಿಡಬೇಡಿ, ಬರೆದುಕೊಳ್ಳಿ. ತಪ್ಪಿದ ಪ್ರತಿ ಜಾಗವೂ ಹಾಳೆಯಲ್ಲಿ ತಿದ್ದಬೇಕಾದ ಸಾಲು.

ಆಡಿ ಪರೀಕ್ಷಿಸುವುದು

ಪ್ರತಿ ಆವೃತ್ತಿಗೂ 20 ಆಟ, ಬಣ್ಣ ಅದಲು ಬದಲು ಮಾಡಿಕೊಂಡು. ಒಬ್ಬರಿಗೆ 20 ನಿಮಿಷ. ಪ್ರತಿ ಆಟಕ್ಕೂ ಐದು ವಿಷಯ ಬರೆದಿಡಿ: ಮೊದಲ ಹೊಡೆತ ಎಷ್ಟನೇ ನಡೆಯಲ್ಲಿ, ಒಟ್ಟು ಎಷ್ಟು ನಡೆ, ಯಾರು ಗೆದ್ದರು, ಹೇಗೆ ಗೆದ್ದರು, ಕೊನೆಯವರೆಗೂ ಅಲುಗದ ಕಾಯಿ ಯಾವುದು. ಈ ಕೊನೆಯದನ್ನು ಬಹಳ ಜನ ಬರೆಯುವುದಿಲ್ಲ, ಆದರೆ ಮುಂದಿನ ತಿದ್ದುಪಡಿಗೆ ದಾರಿ ತೋರಿಸುವುದು ಅದೇ. ಒಂದಾದ ಮೇಲೊಂದು ಆಟದಲ್ಲಿ ಅದೇ ಕಾಯಿ ಇದ್ದಲ್ಲೇ ಉಳಿದರೆ ಅದರ ನಡೆಯಲ್ಲೋ ಜಾಗದಲ್ಲೋ ದೋಷ ಇದೆ. ಅರ್ಧಕ್ಕಿಂತ ಹೆಚ್ಚು ಆಟದಲ್ಲಿ 15ನೇ ನಡೆಯವರೆಗೂ ಒಂದೂ ಹೊಡೆತ ಆಗದಿದ್ದರೆ ಆರಂಭ ಜಡವಾಗಿದೆ ಎಂದೇ ತಿಳಿಯಿರಿ. ಹಳೆಯ ಶತ್ರಂಜ್ ಆಟಗಾರರಿಗೂ ಈ ಜಡತನ ಗೊತ್ತಿತ್ತು. ಅದಕ್ಕೇ ತಅಬಿಯಾ ಎಂಬ ಸಿದ್ಧ ವ್ಯೂಹಗಳನ್ನು ಕಲಿತು, ನೇರ ಅದರತ್ತ ಕಾಯಿ ನಡೆಸುತ್ತಿದ್ದರು.

ಬಿಳಿಗೆ ಅನುಕೂಲ ಹೆಚ್ಚೇ ಎಂಬ ಪ್ರಶ್ನೆಯಲ್ಲಿ ಅವಸರ ಬೇಡ. ಡ್ರಾ ಇಲ್ಲದ 20 ಆಟದಲ್ಲಿ ಬಿಳಿ 12 ಗೆದ್ದರೆ ಏನೂ ತೀರ್ಮಾನಿಸಲಾಗದು: ನಾಣ್ಯ 20 ಸಲ ಚಿಮ್ಮಿದರೂ ನಾಲ್ಕಕ್ಕೊಮ್ಮೆ 12 ಅಥವಾ ಹೆಚ್ಚು ತಲೆ ಬೀಳುತ್ತದೆ. 15 ಅಥವಾ ಹೆಚ್ಚು ಗೆದ್ದರೆ ಯೋಚಿಸಬೇಕು, ಅದು ನಾಣ್ಯದಲ್ಲಿ ಆಗುವುದು ನೂರಕ್ಕೆ ಎರಡೇ ಸಲ. ಇಬ್ಬರಲ್ಲಿ ಒಬ್ಬರು ಜೋರು ಆಟಗಾರರಾದರೆ ಈ ಲೆಕ್ಕವೂ ಕೈಕೊಡುತ್ತದೆ, ಬಣ್ಣ ಅದಲು ಬದಲು ಮಾಡಿ ಎಂದದ್ದು ಅದಕ್ಕೇ.

ಕಂಪ್ಯೂಟರ್ ಇದ್ದವರಿಗೆ ಫೇರಿ-ಸ್ಟಾಕ್‌ಫಿಶ್ ಎಂಬ ಉಚಿತ ಎಂಜಿನ್ ಇದೆ. ಶತ್ರಂಜ್, ಮಕ್ರುಕ್ ಅದರೊಳಗೇ ಇವೆ. ಹೊಸ ಕಾಯಿಯ ನಡೆಯನ್ನು ಒಂದು ಸಂರಚನಾ ಕಡತದಲ್ಲಿ ಬರೆದುಕೊಟ್ಟರೆ ನಿಮ್ಮ ಆಟವನ್ನೂ ತಾನೇ ತನ್ನೊಂದಿಗೆ ಆಡುತ್ತದೆ. ರಾತ್ರಿ ಹಚ್ಚಿಟ್ಟು ಮಲಗಿದರೆ ಬೆಳಗ್ಗೆ ನೂರಾರು ಆಟದ ಫಲಿತಾಂಶ ಸಿಗುತ್ತದೆ. ಸಮತೋಲ ನೋಡಲು ಇದು ಒಳ್ಳೆಯದು. ಆಟ ಮನಸ್ಸಿಗೆ ಹಿಡಿಸುತ್ತದೆಯೇ ಎಂಬುದಕ್ಕೆ ಮನುಷ್ಯರೇ ಬೇಕು.

ದೊಡ್ಡ ಬೋರ್ಡಿನ ಆಸೆ

ತೈಮೂರನ ಹೆಸರಿನ ಚದುರಂಗಕ್ಕೆ 11×10ರ ಬೋರ್ಡು, ಎರಡು ಕೋಟೆಮನೆ ಸೇರಿ 112 ಮನೆ. ಅಲ್ಲಿ ಒಂದೊಂದು ಕಾಯಿಗೂ ಅದರದೇ ಪದಾತಿ. ಸ್ಪೇನಿನ ಅರಸ ಹತ್ತನೇ ಆಲ್ಫೊನ್ಸೊ 1283ರಲ್ಲಿ ಮಾಡಿಸಿದ ಆಟಗಳ ಗ್ರಂಥದಲ್ಲಿ 12×12ರ ಆಟವಿದೆ. ನಮ್ಮಲ್ಲೇ 19ನೇ ಶತಮಾನದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಮಣೆಯಾಟಗಳನ್ನೂ ಕುದುರೆ ನಡೆಯ ಬಂಧಗಳನ್ನೂ ಕಟ್ಟಿದವರು. ಆಸೆ ಹುಟ್ಟುವುದು ಸಹಜ. ಆದರೆ ಲೆಕ್ಕ ನೋಡಿ: ಬೋರ್ಡನ್ನು 10×10 ಮಾಡಿದರೆ ರಥದ ನಡೆ 14ರಿಂದ 18ಕ್ಕೆ ಏರುತ್ತದೆ. ಕುದುರೆಯದು 5.25ರಿಂದ 5.76ಕ್ಕೆ, ಮಂತ್ರಿಯದು 3.06ರಿಂದ 3.24ಕ್ಕೆ ಮಾತ್ರ. ಮೇಲಾಗಿ ದಾಟಬೇಕಾದ ದೂರ ಹೆಚ್ಚಿತು. ಬಲವಂತನಿಗೆ ಇನ್ನಷ್ಟು ಬಲ, ಮೆಲ್ಲಗೆ ನಡೆಯುವವನಿಗೆ ಇನ್ನಷ್ಟು ದಾರಿ. ಹಳೆಯ ಕಾಯಿಗಳ ಸೊಗಸು ಇಟ್ಟುಕೊಳ್ಳಬೇಕಾದರೆ ಎಂಟರ ಬೋರ್ಡಿನಲ್ಲೇ ಎರಡು ಮೂರು ಆಟ ಕಟ್ಟಿ ಪಳಗಿ, ಆಮೇಲೆ ಹಿಗ್ಗಿಸಿ. ಹಿಗ್ಗಿಸುವಾಗ ಹಾರುವ ಕಾಯಿಗಳನ್ನು ಸೇರಿಸಿ.

ಪ್ರತಿ ಬದಲಾವಣೆಗೂ ಹಾಳೆಯ ಮೇಲ್ತುದಿಯಲ್ಲಿ ಆವೃತ್ತಿಯ ಸಂಖ್ಯೆ, ತಾರೀಖು, ಬದಲಾದ ಒಂದು ಸಾಲು, ಬದಲಾಯಿಸಿದ ಕಾರಣ ಬರೆಯಿರಿ. ಸೊಂಡಿಲಾಟದ ಹಾಳೆಗಳಲ್ಲಿ ಅದು ಹೀಗಿರುತ್ತದೆ: ಆವೃತ್ತಿ 1, ಗಜಕ್ಕೆ ಐದು ಅಂಗ, ಹಳೆಯದಕ್ಕೆ ಎಂಟೇ ಮನೆ. ಆವೃತ್ತಿ 2, ಪದಾತಿ ಮೂರನೇ ಸಾಲಿಗೆ, ಮೊದಲ ನಡೆ 12ಕ್ಕೆ ಇಳಿದಿತ್ತು. ಆವೃತ್ತಿ 3, ಬಡ್ತಿ ಆರನೇ ಸಾಲಿನಲ್ಲಿ. ಹಳೆಯ ಹಾಳೆಯನ್ನು ಎಸೆಯದೆ ಹೊಸದರ ಹಿಂದೆ ಪಿನ್ನು ಹೊಡೆದಿಡಿ, ನಾಲ್ಕನೆಯದು ಕೆಟ್ಟರೆ ವಾಪಸು ಹೋಗಲು ಮೂರನೆಯದು ಬೇಕಾಗುತ್ತದೆ.